ಎಡಗೈ ನೋಡುವ ಧೈರ್ಯ

ಎಲ್ಲರೂ ಬದುಕಿದ್ದೀವಿ ಅಂತ ಮೊದಲೇ ಹೇಳಿಬಿಡ್ತೀನಿ. ಆಸ್ಪತ್ರೆ ವಿಚಾರ ಓದೋಕೆ ಕೂತವರಿಗೆ ಕೊನೆಗೆ ಯಾರು ಹೋದರು ಅನ್ನೋದೇ ಒಂದು ಚಿಂತೆ ಇರುತ್ತೆ. ಆ ಚಿಂತೆ ನಿಮಗೆ ಬೇಡ. ನಮಗಿದ್ದ ಚಿಂತೆ ಬೇರೆ.

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ತಗಡು ಒತ್ತುತ್ತಾ ಒತ್ತುತ್ತಾ ತಲೆ ಬೆಳ್ಳಗಾಯಿತು. ಬರವಣಿಗೆ ಅಂದರೆ ನನಗೆ ಸಂಬಳದ ದಿನ ಹಾಕೋ ಸಹಿ, ಅಷ್ಟೇ. ಈಗ ಕೂತು ಬರೀತಿದ್ದೀನಿ ಅಂದರೆ, ಹಾಲು ಉಕ್ಕಿ ಬಂದಾಗ ಪಾತ್ರೆ ಎಲ್ಲಿ ಇಳಿಸೋದು ಅಂತ ಒದ್ದಾಡೋ ಹಾಗೆ ಆಗಿದೆ ನನ್ನ ಸಂತೋಷ. ಇನ್ನೂ ಒಂದು ಕಾರಣ ಇದೆ. ಆ ದಿನಗಳಲ್ಲಿ ನಾನು ಮೊಮ್ಮಗಳ ಬೆರಳು ಹಿಡ್ಕೊಂಡು ಒಬ್ಬನೇ ಹೆದರಿ ಕೂತಿದ್ದೆ. ಹಾಗೇ ಹೆದರಿ ಕೂತ ಇನ್ನೊಬ್ಬ ಎಲ್ಲಾದರೂ ಇರ್ತಾನೆ. ಅವನಿಗೆ ಇದು ಸಿಗಲಿ.

ನಮ್ಮದು ಕುಣಿಗಲ್ ಕಡೆ. ನಮ್ಮ ಮನೆತನದ ಗಂಡಸರ ಕೈಯಲ್ಲಿ ಗಂಟು ಇರೋದು ಊರಿಗೆಲ್ಲ ಗೊತ್ತು. ಬೆರಳ ಗೆಣ್ಣಿನ ಮೇಲೆ, ಹುಣಸೆ ಬೀಜದ ಗಾತ್ರ, ಗಟ್ಟಿ. ನೋವಿಲ್ಲ. ಹಿಮ್ಮಡಿ ಮೇಲಿನ ನರವೂ ಹಗ್ಗದ ಹಾಗೆ ದಪ್ಪ. ನಮ್ಮಪ್ಪನಿಗೆ ಇತ್ತು, ನೇಗಿಲು ಹಿಡಿದು ಬಂದಿದ್ದು ಅಂದರು. ಚಿಕ್ಕಪ್ಪ ಕಲ್ಲು ಒಡೆಯೋನು, ಅವನದು ಸುತ್ತಿಗೆ ಗಂಟು ಅಂದರು. ನನಗೆ ಮೂವತ್ತು ದಾಟಿದ ಮೇಲೆ ಬಂತು. ಆಗ ನಾನು ಕೈ ಪ್ರೆಸ್ ಮೇಲಿದ್ದೆ, ದಿನವಿಡೀ ಅದರ ಹಿಡಿ ಎಳೆಯೋದು ಕೆಲಸ. ಹಾಗಾಗಿ ನನ್ನದು ಪ್ರೆಸ್ ಗಂಟು ಆಯಿತು. ಶಾಪಿಗೆ ಹೊಸ ಹುಡುಗರು ಬಂದರೆ ಮೇಸ್ತ್ರಿ ನನ್ನ ಕೈ ಎತ್ತಿ ತೋರಿಸೋನು. "ನೋಡ್ರೋ ಮಕ್ಕಳಾ, ಕೆಲಸ ಮಾಡಿದ ಕೈ ಅಂದ್ರೆ ಇದು." ನಾನು ಕೈ ಕೆಳಗಿಳಿಸದೆ ಸ್ವಲ್ಪ ಹೊತ್ತು ಹಾಗೇ ಹಿಡೀತಿದ್ದೆ.

ಅಪ್ಪ ಹೊಲದ ಬದುವಿನ ಮೇಲೆ ಕೂತವನು ಏಳಲಿಲ್ಲ. ಗಾಳಿ ಸೋಕಿತು ಅಂದರು. ಚಿಕ್ಕಪ್ಪ ಬಸ್ಸಿನಲ್ಲಿ ಕೂತಲ್ಲೇ ಹೋದ. ಇಬ್ಬರಿಗೂ ತಲೆ ತುಂಬ ಕಪ್ಪು ಕೂದಲು. ಆ ಗಂಟಿಗೂ ಆ ಸಾವಿಗೂ ಸಂಬಂಧ ಇದೆ ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗಂಟು ಕೆಲಸದ್ದು, ಸಾವು ದೇವರದ್ದು.

ಹೆಂಡತಿ ತೀರಿಕೊಂಡ ಮೇಲೆ ನಾನು ಹೆಗ್ಗನಹಳ್ಳಿಯಲ್ಲಿ ಮಗಳು ಗೀತಾಳ ಮನೆಯಲ್ಲೇ ಇದ್ದೀನಿ. ಅಳಿಯ ಮಹೇಶ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅಕ್ಕ ಪುಟ್ಟಮ್ಮನ ಮಗ. ವೈಟ್‌ಫೀಲ್ಡಿನ ಒಂದು ಕಂಪನಿಗೆ ಕ್ಯಾಬ್ ಓಡಿಸ್ತಾನೆ. ಅಕ್ಕನೂ ನಮ್ಮ ಜೊತೆಗೇ. ಹೊರಗಿನ ಸಂಬಂಧ ಯಾಕೆ, ಅಕ್ಕ ತಮ್ಮನ ಮನೆ ಒಂದೇ ಇರಲಿ ಅಂತ ಮಾಡಿದ ಮದುವೆ. ಅವರ ಒಬ್ಬಳೇ ಮಗಳು ಸಿಂಚನ, ಎಂಟು ವರ್ಷ, ಮೂರನೇ ಕ್ಲಾಸು. ನಮ್ಮ ಮನೆಯ ಗಡಿಯಾರ ಅವಳು. ಅವಳು ಎದ್ದರೆ ಬೆಳಗು, ಮಲಗಿದರೆ ರಾತ್ರಿ.

ಹೋದ ವರ್ಷ ಒಂದು ಬೆಳಿಗ್ಗೆ ನೀರಿನ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುತ್ತಾ ಇದ್ದೆ. ಎದೆ ಮೇಲೆ ಯಾರೋ ಮಂಡಿಯೂರಿ ಕೂತ ಹಾಗಾಯಿತು. ಅಂಗಿ ಒದ್ದೆ. ಅಕ್ಕ ಅಡುಗೆಮನೆಯಿಂದಲೇ ಹೇಳಿದಳು, "ರಾತ್ರಿ ಹುರುಳಿಕಾಳು ಬಸ್ಸಾರು ಬ್ಯಾಡ ಅಂದ್ರೂ ಎರಡು ಸಲ ಹಾಕಿಸ್ಕೊಂಡೆ. ಗ್ಯಾಸು ಕಣ್ಲಾ. ತಡಿ, ಓಂಕಾಳು ತತ್ತೀನಿ."

ಮಹೇಶ ಆಗ ತಾನೇ ಶಿಫ್ಟ್ ಮುಗಿಸಿ ಬಂದಿದ್ದ. ನನ್ನ ಮುಖ ನೋಡಿದವನು ಚಪ್ಪಲಿ ಕೂಡ ಬಿಡಲಿಲ್ಲ. "ಓಂಕಾಳು ಆಮೇಲೆ ಅಮ್ಮ. ಮಾವ, ಗಾಡಿ ಹತ್ತಿ."

ಆ ಒಂದು ಮಾತಿಗೆ ನಾನು ಬದುಕಿದೆ. ತುಮಕೂರು ರಸ್ತೆಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಅದರ ವಿವರ ಬರೆಯಲ್ಲ, ಎಲ್ಲರ ಮನೆಯಲ್ಲೂ ಈಗ ಯಾರಿಗಾದರೂ ಹಾಕಿರ್ತಾರೆ. ನನ್ನ ಕಥೆ ಶುರುವಾಗೋದು ಅದಾದ ಮೇಲೆ.

ಆಮೇಲೆ ತೋರಿಸೋಕೆ ಹೋದಾಗ ಒಬ್ಬರು ಡಾಕ್ಟ್ರಮ್ಮ ನೋಡಿದರು. ವಾರಕ್ಕೊಂದು ದಿನ ಮಾತ್ರ ಅಲ್ಲಿಗೆ ಬರೋರು. ನಾಡಿ ನೋಡೋಕೆ ಅಂತ ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ಹೆಬ್ಬೆರಳಿಂದ ಗಂಟು ಒತ್ತಿ ನೋಡಿದರು.

"ಇದು ಯಾವಾಗಿಂದ ಯಜಮಾನ್ರೇ?"

"ಅದು ಬಿಡಿ ಮೇಡಂ, ಕೈ ಪ್ರೆಸ್ ಹಿಡಿ ಎಳೆದು ಬಂದಿದ್ದು."

"ಯಾವ ಕೈಯಲ್ಲಿ ಎಳೀತಿದ್ರಿ?"

"ಬಲಗೈಯಲ್ಲಿ. ಎಡಗೈ ಬರೀ ತಗಡು ಇಡೋಕೆ."

"ಎಡಗೈ ಕೊಡಿ."

ಕೊಟ್ಟೆ. ಅಲ್ಲೂ ಅದೇ ಗೆಣ್ಣು, ಅದೇ ಗಂಟು, ಅದೇ ಗಾತ್ರ. ಅಷ್ಟು ವರ್ಷ ನನ್ನ ಕೈಗಳನ್ನ ನಾನೇ ನೋಡ್ಕೊಂಡಿದ್ದೀನಿ, ಊಟ ಮಾಡಿದ್ದೀನಿ, ಕೈ ಮುಗಿದಿದ್ದೀನಿ. ಕೆಲಸವೇ ಮಾಡದ ಕೈಗೆ ಕೆಲಸದ ಗಂಟು ಹೇಗೆ ಬಂತು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಡಾಕ್ಟ್ರಮ್ಮ ನಗಲಿಲ್ಲ. ನನಗೇ ನಾಚಿಕೆಯಾಗಿ ಎರಡೂ ಕೈ ಪಂಚೆ ಮೇಲೆ ಮಗುಚಿ ಇಟ್ಟುಕೊಂಡೆ.

ರಕ್ತ ತೆಗೆದಿದ್ದರ ರಿಪೋರ್ಟು ಆಗಲೇ ಬಂದಿತ್ತು. ಕೆಟ್ಟ ಕೊಬ್ಬು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಮೇಲೆ. ನಾನು ಬೋಂಡ ಬಜ್ಜಿ ಬಿಡ್ತೀನಿ ಮೇಡಂ ಅಂದೆ. ಅವರು ಹೇಳಿದರು, "ಬಿಡಿ, ಒಳ್ಳೇದೇ. ಆದರೆ ಇದು ತಿಂದು ಬಂದಿದ್ದಲ್ಲ, ಹುಟ್ಟುವಾಗಲೇ ತಂದಿದ್ದು. ನಿಮ್ಮ ಅಪ್ಪನಿಂದ ನಿಮಗೆ. ಆ ಕೊಬ್ಬನ್ನ ಲಿವರ್ ಎತ್ತಿ ಹಾಕಬೇಕು. ನಿಮ್ಮಲ್ಲಿ ಆ ಬಾಗಿಲು ಅರ್ಧ ಮುಚ್ಚಿದೆ. ಅದಕ್ಕೇ ರಕ್ತದಲ್ಲೇ ನಿಂತು, ಹೀಗೆ ಗೆಣ್ಣಲ್ಲಿ, ಹಿಮ್ಮಡೀಲಿ, ಎದೆಯ ನಾಳದಲ್ಲಿ ಕೂತ್ಕೊಳ್ಳುತ್ತೆ. ಮಕ್ಕಳಿಗೂ ನೋಡಬೇಕು. ಮಗಳಿಗೆ ಮದುವೆ ಆಗಿದೆಯಾ? ಹೊರಗಿನ ಸಂಬಂಧನಾ?"

ನಾನು ಹೆಮ್ಮೆಯಿಂದ ಹೇಳಿದೆ. "ಇಲ್ಲ ಮೇಡಂ, ನಮ್ಮಕ್ಕನ ಮಗನಿಗೇ ಕೊಟ್ಟಿರೋದು."

ಡಾಕ್ಟ್ರಮ್ಮ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ನಿಮ್ಮ ಅಕ್ಕನಿಗೂ ನಿಮಗೂ ಅಪ್ಪ ಒಬ್ಬರೇ ಅಲ್ವಾ. ಅವರಿಗೂ ಬಂದಿರಬಹುದು, ಅವರಿಂದ ಅಳಿಯನಿಗೂ ಬಂದಿರಬಹುದು. ಮಗುವಿಗೆ ಒಂದು ಕಡೆಯಿಂದ ಬಂದರೆ ನಿಮ್ಮ ಹಾಗೆ, ಬಾಗಿಲು ಅರ್ಧ. ಔಷಧಿ ಇದೆ, ಹೆದರಬೇಕಿಲ್ಲ. ಎರಡೂ ಕಡೆಯಿಂದ ಬಂದಿದ್ದರೆ ಬಾಗಿಲೇ ಇಲ್ಲ ಅಂತ ತಿಳ್ಕೊಳ್ಳಿ. ಅಂಥ ಮಕ್ಕಳಿಗೆ ಚಿಕ್ಕ ವಯಸ್ಸಿಗೇ ಈ ಗಂಟು ಕಾಣಿಸುತ್ತೆ, ಹೃದಯಕ್ಕೂ ಬೇಗ ತೊಂದರೆ. ಅದಕ್ಕೇ ತಡ ಮಾಡದೆ ಎಲ್ಲರದ್ದೂ ನೋಡೋಣ."

ಮೊದಲು ಗೀತಾಳದು ನೋಡಿದರು. ಅವಳಿಗೆ ಬಂದಿತ್ತು. ನನ್ನಿಂದ. ಅವಳು ಅಳಲಿಲ್ಲ, ಜಗಳ ಆಡಲಿಲ್ಲ. ಮನೆಗೆ ಬರೋ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಒರಗಿಸಿ, "ಅಪ್ಪ, ನನಗೆ ಬಂದಿದ್ದು ಪರವಾಗಿಲ್ಲ" ಅಂದಳು. ಮುಂದಿನದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ಸಂಜೆ ಸಿಂಚನ ಮಣ್ಣಾಡಿ ಬಂದಳು. ನಲ್ಲಿ ಹತ್ತಿರ ನಿಲ್ಲಿಸಿ ಸೋಪು ಹಚ್ಚಿ ಅವಳ ಕೈ ತೊಳೀತಿದ್ದೆ. ಬಲಗೈ. ನಡುಬೆರಳಲ್ಲಿ, ಉಗುರಿನ ಕೆಳಗಿನ ಗೆಣ್ಣಿನ ಪಕ್ಕ, ನನ್ನ ಹೆಬ್ಬೆರಳಿಗೆ ಏನೋ ಸಿಕ್ಕಿತು. ಗಟ್ಟಿ. ಮೆಣಸಿನ ಕಾಳಿನಷ್ಟು. ನೋವಾಗುತ್ತಾ ಮಗಾ ಅಂದೆ. ಇಲ್ಲ ತಾತ ಅಂದಳು.

ನೋವಿಲ್ಲ. ನನ್ನದೂ ನೋಯಲ್ಲ.

ಎಡಗೈ ತೊಳೆಯಲಿಲ್ಲ. "ಅದನ್ನ ನೀನೇ ತೊಳ್ಕೊ" ಅಂತ ಹೇಳಿ ಈ ಕಡೆ ಬಂದೆ. ನಿಮಗೆ ಇದು ಹುಚ್ಚು ಅನ್ನಿಸಬಹುದು. ಡಾಕ್ಟ್ರಮ್ಮ ನನಗೆ ಕಲಿಸಿದ್ದು ಅದೊಂದೇ ಪಾಠ, ಇನ್ನೊಂದು ಕೈ ನೋಡು ಅಂತ. ಒಂದೇ ಕೈಯಲ್ಲಿದ್ದರೆ ಬೇರೆ ಏನೋ, ಎರಡೂ ಕೈಯಲ್ಲಿದ್ದರೆ ಅದೇ. ಅಷ್ಟು ಗೊತ್ತಿದ್ದೂ ನೋಡೋಕೆ ಆಗಲಿಲ್ಲ. ನೋಡದೇ ಇದ್ದರೆ ಅಲ್ಲಿ ಏನೂ ಇಲ್ಲ ಅಂತ ಇಟ್ಕೋಬಹುದಲ್ಲ. ಡಾಕ್ಟ್ರಮ್ಮ ಮತ್ತೆ ಬರೋ ದಿನ ಇನ್ನೂ ದೂರ ಇತ್ತು. ಗೀತಾಳಿಗೂ ಹೇಳಲಿಲ್ಲ. ಅವಳು ಊಟಕ್ಕೆ ಕರೆದರೆ ಹಸಿವಿಲ್ಲ ಅಂದೆ. ಅವಳು ಎದೆ ನೋವಾ ಅಂತ ಓಡಿ ಬಂದಳು. ನನ್ನ ಎದೆ ಆಗ ಯಾರಿಗೆ ಬೇಕಿತ್ತು.

ಆಮೇಲಿನ ದಿನಗಳಲ್ಲಿ ಬಸ್ಸಲ್ಲಿ, ಹಾಲಿನ ಬೂತಲ್ಲಿ, ಎಲ್ಲರ ಬೆರಳನ್ನೇ ನೋಡ್ತಿದ್ದೆ. ಸಿಂಚನ ಸ್ಕೂಲಿಂದ ಬಂದರೆ ಪಕ್ಕ ಕೂರಿಸ್ಕೊಂಡು ಬಲಗೈ ಹಿಡ್ಕೊಳ್ಳೋದು, ಗಂಟು ಬೆಳೀತಾ ಇದೆಯಾ ಅಂತ ಒತ್ತೋದು. ಅವಳು ಎಡಗೈ ಚಾಚಿ ಬಿಸ್ಕತ್ತು ತಗೊಂಡರೆ ನಾನು ಮುಖ ಆ ಕಡೆ ತಿರುಗಿಸೋನು.

ಇತ್ತ ಮಹೇಶ ರಕ್ತ ಕೊಡೋಕೆ ಒಪ್ಪಲಿಲ್ಲ. "ಮಾವ, ನಂಗೇನಾಗಿದೆ? ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಾಯ್ದೆ ಬರ್ತೀನಿ, ಅದಕ್ಕಿಂತ ಟೆಸ್ಟ್ ಬೇಕಾ?" ನಗಿಸೋಕೆ ನೋಡಿದ. ಅವನ ಕಣ್ಣು ನಗ್ತಾ ಇರಲಿಲ್ಲ. ಹೆದರಿದ್ದ. ಮಗಳಿಗೆ ತನ್ನಿಂದಲೂ ಬಂದಿದೆ ಅಂತ ಆಗಿಬಿಟ್ಟರೆ ಅಂತ.

ಅಕ್ಕನಿಗಂತೂ ಸಿಟ್ಟು ನೆತ್ತಿಗೇರಿತ್ತು. "ನಿನ್ನ ಮಗಳಿಗೆ ಬಂದೈತೆ, ಸರಿ. ನನ್ನ ಮಗನ ರಕ್ತದಾಗೂ ಹುಳುಕು ಹುಡುಕ್ತೀಯೇನ್ಲಾ? ನನ್ನ ನೋಡು. ನಿನಗಿಂತ ದೊಡ್ಡೋಳು. ಇವತ್ತಿಗೂ ರಾಗಿ ಮುದ್ದೆಗೆ ಬೆಣ್ಣೆ ಹಾಕ್ಕೊಂಡು ಉಣ್ತೀನಿ. ಇಂಗೆ ಕಲ್ಲುಗುಂಡಿನಂಗಿದೀನಿ."

"ಹೆಂಗಸರಿಗೆ ತಡವಾಗಿ ಗೊತ್ತಾಗುತ್ತಂತೆ ಅಕ್ಕ."

"ಅಂಗಾದ್ರೆ ನಾನು ಸಾಯ್ಲಿ ಅಂತ ಕಾಯ್ತಾ ಕೂತ್ಕೊ."

ಅವಳು ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಮಾತ್ರ ಇಡೋಳು, ಸ್ವಲ್ಪ ಜೋರಾಗಿ. ಒಂದು ಸಂಜೆ ಸಿಂಚನ ಓಡಿಹೋಗಿ ಅವಳ ಸೆರಗು ಹಿಡಿದು ದೂರು ಹೇಳಿದಳು. "ಅಜ್ಜೀ, ತಾತ ನನ್ನ ಬೆರಳು ಬಿಡೋದೇ ಇಲ್ಲ. ಹೋಂವರ್ಕ್ ಮಾಡೋಕೆ ಆಗಲ್ಲ. ನೋಡು, ಇದನ್ನೇ ಒತ್ತುತ್ತಾ ಇರ್ತಾರೆ."

ಅಕ್ಕ ಆ ಬೆರಳು ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ನಮ್ಮಪ್ಪನ ಕೈಯನ್ನ ನನಗಿಂತ ಚೆನ್ನಾಗಿ ನೋಡಿದ್ದವಳು ಅವಳು. ಬುತ್ತಿ ಹೊತ್ತು ಹೊಲಕ್ಕೆ ಹೋಗ್ತಿದ್ದವಳು, ಅವನು ಬದುವಿನ ಮೇಲೆ ಕೂತಾಗ ಹತ್ತಿರ ಇದ್ದವಳು. ಸೆರಗು ಬಿಡಿಸ್ಕೊಂಡು ಒಳಗೆ ಹೋದಳು.

ಮಾರನೇ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅಕ್ಕ ಸ್ನಾನ ಮಾಡಿ ಒಳ್ಳೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಕಾಫಿ ಕುಡಿದಿರಲಿಲ್ಲ. ಕಾಫಿ ಇಲ್ಲದೆ ಅವಳು ದೇವರಿಗೂ ಕೈ ಮುಗಿಯೋಳಲ್ಲ. "ಖಾಲಿ ಹೊಟ್ಟೇಲಿ ಓಗಬೇಕಂತಲ್ಲ. ನಡೀರಿ. ಮೊದಲು ನಂಗೇ ಚುಚ್ಚಲಿ." ಮಗನ ಕಡೆ ತಿರುಗಿ, "ನೀನು ಬರ್ತೀಯೋ, ನಾನು ಆಟೋ ಇಡೀಲೋ?" ಅಂದಳು.

ಮಹೇಶ ಗಾಡಿ ಕೀ ತಗೊಂಡ.

ರಕ್ತ ತೆಗೆಯೋ ಕೋಣೆ ಮುಂದೆ ಬೆಂಚು ತುಂಬ ಜನ. ಖಾಲಿ ಹೊಟ್ಟೆ ಜನ ಅಂದರೆ ಗೊತ್ತಲ್ಲ, ಎಲ್ಲರಿಗೂ ಎಲ್ಲರ ಮೇಲೂ ಸಿಟ್ಟು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು, ಹೊರಗೆ ಬಂದು, "ಸೊಳ್ಳೆ ಕಚ್ಚಿದಂಗೂ ಆಗ್ಲಿಲ್ಲ" ಅಂತ ಇಡೀ ಬೆಂಚಿಗೆ ಕೇಳೋ ಹಾಗೆ ಹೇಳಿದಳು. ಮಹೇಶ ಒಳಗೆ ಹೋಗುವಾಗ ಬೆವರಿದ್ದ. ಕೊನೆಗೆ ಸಿಂಚನ. ಸೂಜಿ ನೋಡಿದ ಕೂಡಲೇ ಅವಳ ಕಿರುಚಾಟಕ್ಕೆ ಗೀತಾ ಅವಳನ್ನ ತಬ್ಬಿಕೊಂಡು ತಾನೂ ಅಳೋಕೆ ಶುರು ಮಾಡಿದಳು. ಅಷ್ಟು ದಿನ ತಡೆದಿದ್ದು.

ನನ್ನ ಪಕ್ಕ ರಾಯಚೂರು ಕಡೆಯ ಹೆಣ್ಣುಮಗಳು ಒಬ್ಬಳು ಕೂತಿದ್ದಳು. ಕಟ್ಟಡದ ಕೆಲಸದವಳು, ಗಂಡನನ್ನ ಮೇಲಿನ ವಾರ್ಡಿಗೆ ಸೇರಿಸಿದ್ದರು. ಅವಳು ಎದ್ದು ಹೋಗಿ ಸಿಂಚನಳ ತಲೆ ಸವರಿ, ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟಳು. "ಅಳಬ್ಯಾಡವ್ವ, ಮುಗೀತ ನೋಡು. ಇದನ್ನ ತಿನ್ನು." ಬಂದು ಕೂತು ನನಗೆ ಹೇಳಿದಳು, "ನೀವರ ಮುಂಚೇನ ಬಂದೀರಿ ಯಪ್ಪಾ. ನಮ್ಮಂವ ಬಿದ್ದ ಮ್ಯಾಲೆ ಬಂದೀವಿ." ಆ ಬಾಳೆಹಣ್ಣು ಬಹುಶಃ ಅವಳ ಬೆಳಗಿನ ಊಟ. ಅವಳ ಹೆಸರು ಕೇಳೋಕೆ ಹೊಳೆಯಲೇ ಇಲ್ಲ ನನಗೆ. ಅವಳ ಗಂಡ ಎದ್ದು ಓಡಾಡ್ತಿರಲಿ ಅಂತ ಈಗಲೂ ಬೇಡ್ಕೊಳ್ತೀನಿ.

ಡಾಕ್ಟ್ರಮ್ಮ ಬರೋ ದಿನ ನಾವು ಐದೂ ಜನ ಹೋದೆವು. ಒಳಗೆ ಕುರ್ಚಿ ಸಾಲದೆ ನಾನೂ ಮಹೇಶನೂ ಗೋಡೆಗೆ ಒರಗಿ ನಿಂತೆವು. ಅವರು ಕಂಪ್ಯೂಟರ್ ನೋಡ್ತಾ ಇದ್ದರೆ ನಾನು ಅವರ ಹುಬ್ಬು ನೋಡ್ತಾ ಇದ್ದೆ. ಶಾಪಿನಲ್ಲಿ ಮಿಷನ್ನಿನ ಸದ್ದು ಕೇಳಿ ಒಳಗೇನಾಗಿದೆ ಅಂತ ಹೇಳ್ತಿದ್ದವನಿಗೆ ಒಂದು ಹುಬ್ಬಿನಿಂದ ಏನೂ ಗೊತ್ತಾಗಲಿಲ್ಲ.

"ಪುಟ್ಟಮ್ಮನವರದು ಸರಿಯಾಗಿದೆ."

ಅಕ್ಕ ನನ್ನ ಕಡೆ ಒಂದು ನೋಟ ಬಿಟ್ಟಳು.

"ಮಹೇಶ್, ನಿಮ್ಮದೂ ಸರಿಯಾಗಿದೆ. ನಿಮ್ಮ ಕಡೆಯಿಂದ ಇಲ್ಲ."

ಮಹೇಶನ ಬೆನ್ನು ಗೋಡೆ ಮೇಲೆ ಜಾರಿ ಅವನು ಕುಕ್ಕರುಗಾಲಲ್ಲಿ ಕೂತೇ ಬಿಟ್ಟ. ಗೀತಾ, "ಮಗುದು ಮೇಡಂ?" ಅಂದಳು.

"ಮಗುವಿಗೆ ಬಂದಿದೆ. ನಿಮ್ಮಿಂದ. ಒಂದೇ ಕಡೆಯಿಂದ. ಎರಡೂ ಕಡೆಯದ್ದಲ್ಲ, ಲೆಕ್ಕವೂ ಅಷ್ಟು ಮೇಲಿಲ್ಲ."

ಎಲ್ಲರೂ ಉಸಿರು ಬಿಟ್ಟರು. ನಾನು ಬಿಡಲಿಲ್ಲ. ಯಂತ್ರದ ಮಾತಿಗಿಂತ ನನ್ನ ಹೆಬ್ಬೆರಳಿಗೆ ಸಿಕ್ಕಿದ್ದೇ ನನಗೆ ದೊಡ್ಡದಾಗಿತ್ತು. "ಮೇಡಂ, ಹಂಗಾದ್ರೆ ಮಗುವಿನ ಕೈಯಲ್ಲಿ ಗಂಟು ಯಾಕಿದೆ?" ಅಂದೆ. ಗೀತಾ ತಿರುಗಿ ನೋಡಿದ ನೋಟ ನಾನು ಮರೆಯಲ್ಲ. ಅವಳಿಗೆ ಅದೇ ಮೊದಲು ಗೊತ್ತಾಗಿದ್ದು.

ಡಾಕ್ಟ್ರಮ್ಮ ಸಿಂಚನಳನ್ನ ಹತ್ತಿರ ಕರೆದು ಬಲಗೈ ಹಿಡಿದರು. ಬೆರಳು ಒತ್ತಿದರು, ಹೊರಳಿಸಿದರು. ಆಮೇಲೆ ಹೇಳಿದರು, "ಎಲ್ಲಿ ಪುಟ್ಟಿ, ಆ ಕೈ ಕೊಡು."

ನಾನು ಕಣ್ಣು ಮುಚ್ಚಿದೆ. ನಿಜ ಹೇಳ್ತೀನಿ, ಸ್ಟೆಂಟ್ ಹಾಕುವಾಗಲೂ ಮುಚ್ಚಿರಲಿಲ್ಲ.

"ಯಜಮಾನ್ರೇ, ಬನ್ನಿ ಇಲ್ಲಿ. ನೀವೇ ಮುಟ್ಟಿ ನೋಡಿ."

ಮುಟ್ಟಿದೆ. ಎಡಗೈ ನಡುಬೆರಳು ಬೆಣ್ಣೆ ಹಾಗಿತ್ತು. ಏನೂ ಇಲ್ಲ. ಉಳಿದ ಬೆರಳುಗಳನ್ನೂ ಒಂದೊಂದಾಗಿ ಒತ್ತಿದೆ. ಸಿಂಚನ ಕಚಗುಳಿ ತಾತ ಅಂತ ನಕ್ಕಳು.

ಡಾಕ್ಟ್ರಮ್ಮ ಮೇಜಿನ ಮೇಲಿದ್ದ ಪೆನ್ಸಿಲ್ ಅವಳ ಕೈಗೆ ಕೊಟ್ಟು ಹೆಸರು ಬರಿ ಅಂದರು. ಅವಳು ನಾಲಿಗೆ ಹೊರಗೆ ಹಾಕಿಕೊಂಡು, ಪೆನ್ಸಿಲನ್ನ ಕತ್ತು ಹಿಸುಕೋ ಹಾಗೆ ಬಿಗಿ ಹಿಡಿದು, ಬರೆಯೋಕೆ ಶುರು ಮಾಡಿದಳು. ಪೆನ್ಸಿಲ್ ಆ ಗಂಟಿನ ಮೇಲೇ ಒರಗಿ ಕೂತಿತ್ತು. ಅಚ್ಚು ಕೂತ ಹಾಗೆ, ಕೂದಲೆಳೆ ಸಂದಿಲ್ಲ.

"ಇಷ್ಟು ಬಿಗಿಯಾಗಿ ಹಿಡಿದರೆ ಚರ್ಮ ಗಟ್ಟಿ ಆಗದೆ ಇನ್ನೇನಾಗುತ್ತೆ" ಅಂದರು ಡಾಕ್ಟ್ರಮ್ಮ. "ಬರೆದು ಬರೆದು ಬಂದಿದ್ದು ಇದು. ಕೆಲಸದ ಗಂಟು."

ನಾನು ಅಲ್ಲೇ ಎಲ್ಲರ ಮುಂದೆ ಅತ್ತೆ. ಅಕ್ಕ ಸೆರಗಲ್ಲಿ ನನ್ನ ಮುಖ ಒರೆಸಿ, "ಮುದುಕ, ಮಗೀನ ಬೆರಳು ಒತ್ತಿ ಒತ್ತಿ ನೀನೇ ದಪ್ಪ ಮಾಡಿದ್ದೀಯ" ಅಂದಳು. ನಮ್ಮ ಮಾತು ಮತ್ತೆ ಶುರುವಾಗಿದ್ದು ಹಾಗೆ.

ಭಯ ಪೂರ್ತಿ ಹೋಗಿದೆ ಅಂತ ಹೇಳಲ್ಲ. ಮಗುವಿನ ರಕ್ತದಲ್ಲಿ ನಮ್ಮಪ್ಪನ ಪಾಲು ಇದೆ. ಸದ್ಯದಲ್ಲೇ ಅವಳಿಗೂ ಚಿಕ್ಕ ಮಾತ್ರೆ ಶುರು ಮಾಡ್ತಾರಂತೆ, ಆಗಾಗ ರಕ್ತ ನೋಡಬೇಕಂತೆ. ಪ್ರತಿ ಸಲ ಫಲಿತಾಂಶ ಬರೋವರೆಗೂ ನನ್ನ ಬಾಯಿಗೆ ಅನ್ನ ರುಚಿಸಲ್ಲ. ಇನ್ನೊಂದು ಥರದ ಕೊಬ್ಬೂ ಇದೆಯಂತೆ, ಅದರ ಹೆಸರು ನನ್ನ ನಾಲಿಗೆಯಲ್ಲಿ ನಿಲ್ಲಲ್ಲ. ಅದನ್ನ ಜೀವನದಲ್ಲಿ ಒಂದು ಸಲ ನೋಡಿದರೆ ಸಾಕಂತೆ. ಅದು ನಮ್ಮ ಯಾರಲ್ಲೂ ಹೆಚ್ಚಿಲ್ಲ ಅಂದರು. ಅಷ್ಟಾದರೂ ಆಯಿತು. ನನ್ನ ಮಾತ್ರೆ, ಗೀತಾಳ ಮಾತ್ರೆ ಒಂದೇ ಡಬ್ಬಿಯಲ್ಲಿ ಇರ್ತಾವೆ. ಇಬ್ಬರದೂ ಕೊಬ್ಬು ಇಳೀತಾ ಇದೆ. ಅಕ್ಕ ಮಾತ್ರ ನಮ್ಮ ಮುಂದೆ ಕೂತು ಮುದ್ದೆಗೆ ಬೆಣ್ಣೆ ಹಾಕ್ಕೊಳ್ತಾಳೆ, ಬೇಕಂತಲೇ.

ಡಾಕ್ಟ್ರಮ್ಮ ಹೇಳಿದ ಒಂದು ಮಾತು ಇಟ್ಟುಕೊಂಡಿದ್ದೀನಿ. "ನಿಮ್ಮ ಅಪ್ಪನಿಗೆ ಗೊತ್ತೇ ಆಗಲಿಲ್ಲ. ನಿಮಗೆ ಬಿದ್ದ ಮೇಲೆ ಗೊತ್ತಾಯಿತು. ಇವಳಿಗೆ ಎಂಟನೇ ವರ್ಷಕ್ಕೇ ಗೊತ್ತಾಗಿದೆ. ಔಷಧಿ ತಪ್ಪಿಸದೆ ಇದ್ದರೆ ಇವಳೂ ನಿಮ್ಮ ಹಾಗೆ ಮೊಮ್ಮಕ್ಕಳನ್ನ ಎತ್ತಿ ಆಡಿಸ್ತಾಳೆ."

ನಿಮ್ಮ ಮನೆಯಲ್ಲೂ ಯಾರ ಗೆಣ್ಣಲ್ಲಾದರೂ ಇಂಥ ಗಂಟು ಇದ್ದರೆ, ಕೆಲಸದ್ದು ಅಂತ ಹೆಮ್ಮೆ ಪಡೋ ಮೊದಲು ಇನ್ನೊಂದು ಕೈಯನ್ನೂ ನೋಡಿ. ಗುಟ್ಟು ಮಾಡ್ಕೊಂಡು ಒಬ್ಬರೇ ಒತ್ತುತ್ತಾ ಕೂರಬೇಡಿ. ಖಾಲಿ ಹೊಟ್ಟೆಯಲ್ಲಿ ಹೋಗಿ ಒಂದು ಸಲ ತೋಳು ಚಾಚಿ, ಸೊಳ್ಳೆ ಕಚ್ಚಿದ ಹಾಗೂ ಆಗಲ್ಲ.

ಇದನ್ನ ಬರೀತಾ ಇರುವಾಗ ಸಿಂಚನ ನನ್ನ ಪಕ್ಕದಲ್ಲೇ ಕೂತು ಮಗ್ಗಿ ಬರೀತಾ ಇದ್ದಾಳೆ. ಬಲಗೈ ಅವಳ ಕೆಲಸಕ್ಕೆ ಬಿಟ್ಟಿದ್ದೀನಿ. ಎಡಗೈ ನನ್ನ ಕೈಯಲ್ಲಿದೆ. ಈಗ ಅದನ್ನ ಎಷ್ಟು ಹೊತ್ತು ಬೇಕಾದರೂ ನೋಡ್ತೀನಿ. ನೇಗಿಲ ಗಂಟು ನೇಗಿಲದ್ದಾಗಿರಲಿಲ್ಲ, ಸುತ್ತಿಗೆಯದು ಸುತ್ತಿಗೆಯದ್ದಲ್ಲ, ನನ್ನದು ಪ್ರೆಸ್ಸಿನದ್ದಲ್ಲ. ನಮ್ಮ ವಂಶದಲ್ಲಿ ನಿಜವಾಗಿಯೂ ಕೆಲಸದಿಂದ ಬಂದ ಗಂಟು ಅಂದರೆ ಇದೊಂದೇ.

"ತಾತ, ಬೆರಳು ನೋಯ್ತಿದೆ. ಸಾಕಾ?" ಅಂತ ಕೇಳ್ತಾಳೆ.

ಇನ್ನೊಂದು ಮಗ್ಗಿ ಬರಿ ಮಗಾ. ಅದು ಇನ್ನೂ ಸ್ವಲ್ಪ ದಪ್ಪ ಆಗಲಿ.